ಕಲಬುರಗಿ ಬಿಸಿಲಲ್ಲಿ ಇಲಿ ಮೆದುಳಿನ ಅಪ್ಪ-ಅಮ್ಮ ಲೆಕ್ಕ: ನನ್ನ ಅನುಭವ

ಹನ್ನೊಂದು ವರ್ಷ ಬೋರ್ಡ್ ಮೇಲೆ ಒಂದೇ ವಾಕ್ಯ ಬರೆದಿದ್ದೆ: ಅದಲು-ಬದಲು ಕ್ರಾಸ್ ಮಾಡಿದರೂ ಫಲಿತಾಂಶ ಒಂದೇ. ಮೆಂಡೆಲ್‌ನ ಬಟಾಣಿ ಪಾಠ. ಉದ್ದ ಗಿಡ ಅಪ್ಪ ಆಗಲಿ, ಅಮ್ಮ ಆಗಲಿ, ಮಕ್ಕಳೆಲ್ಲ ಉದ್ದವೇ. ಬರೀತಿದ್ದೆ, ಹುಡುಗರು ಕಾಪಿ ಮಾಡ್ಕೋತಿದ್ದರು, ಪರೀಕ್ಷೆಗೆ 2 ಅಂಕಕ್ಕೆ ಬರ್ತಿತ್ತು, ಮುಗೀತು.

ಒಂದು ದಿನ ಜೇವರ್ಗಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಜ್ಜ ಹಿಂದೆ ಟಾಂಗಾ ಹೊಡೀತಿದ್ದರಂತೆ. "ಸರ್, ತಾಯಿ ಕುದುರಿ ಇದ್ರ ಒಂದು ಥರ ಮರಿ, ತಾಯಿ ಕತ್ತಿ ಇದ್ರ ಇನ್ನೊಂದು ಥರ ಮರಿ ಅಂತ ನಮ್ಮಜ್ಜ ಹೇಳ್ತಿದ್ರು. ಹಂಗಾದ್ರ ಅದಲು-ಬದಲು ಒಂದೇ ಹೆಂಗ್ರೀ?"

ನನಗೆ ಉತ್ತರ ಬರಲಿಲ್ಲ. ಸುಮ್ನೆ "ಅದು ಬೇರೆ ವಿಷಯ, ಆಮೇಲೆ ನೋಡೋಣ" ಅಂದೆ. ಮೇಷ್ಟ್ರುಗಳ ಹಳೇ ಅಸ್ತ್ರ ಅದು.

ಆದರೆ ಅಜ್ಜ ಹೇಳಿದ್ದು ಸರಿ. ಗಂಡು ಕತ್ತೆ, ಹೆಣ್ಣು ಕುದುರೆ ಸೇರಿದರೆ ಹೇಸರಗತ್ತೆ. ತಿರುಗಾಮುರುಗಾ ಮಾಡಿದರೆ ಹುಟ್ಟೋದು ಬೇರೆ ಪ್ರಾಣಿ, ಇಂಗ್ಲಿಷರು ಅದಕ್ಕೆ ಹಿನ್ನಿ ಅಂತಾರೆ. ಎರಡಕ್ಕೂ ಕ್ರೋಮೋಸೋಮು 63, ಕುದುರೆಯಿಂದ 32, ಕತ್ತೆಯಿಂದ 31. ಆದರೂ ಮೈಕಟ್ಟು, ಸ್ವಭಾವ ಒಂದೇ ಅಲ್ಲ. ಯಾರ ಗರ್ಭದಲ್ಲಿ ಬೆಳೀತು ಅನ್ನೋದೂ ಅದಕ್ಕೆ ಒಂದು ಕಾರಣ ಇರಬಹುದು. ಆದರೆ ಇನ್ನೊಂದು ಕಾರಣ ಇದೆ, ಅದನ್ನು ಹುಡುಕಿಕೊಂಡು ಹೋಗಿ ನಾನು ಎರಡು ಬೇಸಿಗೆ ಕಳೆದೆ. ಅದರ ಕಥೆ ಇದು.

ಆ ಕಾರಣದ ಹೆಸರು ಜೀನೋಮಿಕ್ ಇಂಪ್ರಿಂಟಿಂಗ್. ನಮ್ಮ ಕಡೆ ಸರಕಾರಿ ಆಫೀಸಿನ ಮುದ್ರೆಗೆ ಶಿಕ್ಕಾ ಅಂತೀವಿ ಅಲ್ವಾ, ಅದೇ ಇದು. ಹೆಚ್ಚಿನ ಜೀನುಗಳ ಎರಡೆರಡು ಪ್ರತಿ ನಮ್ಮಲ್ಲಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಕೆಲವು ಜೀನುಗಳಿಗೆ ಮಾತ್ರ ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗಲೇ ಡಿಎನ್‌ಎ ಮೇಲೆ ಮೀಥೈಲ್ ಗುಂಪಿನ ಶಿಕ್ಕಾ ಬೀಳುತ್ತೆ. ಅಕ್ಷರ ಬದಲಾಗಲ್ಲ, ಶಿಕ್ಕಾ ಮಾತ್ರ. ಮುಂದೆ ಮಗುವಿನಲ್ಲಿ ಒಂದು ಪ್ರತಿ ಮಾತಾಡುತ್ತೆ, ಇನ್ನೊಂದು ಬಾಯಿ ಮುಚ್ಚಿಕೊಂಡು ಕೂಡುತ್ತೆ. ಇಲಿಯಲ್ಲಿ ಇಂಥ ಜೀನು ನೂರೈವತ್ತರ ಆಸುಪಾಸು ಗೊತ್ತಾಗಿವೆ.

ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ, ನಾನೂ ಎಡವಿದೆ. ಅಮ್ಮನ ಜೀನ್ ಅಂದರೆ ಕಾಯಂ ಅಮ್ಮನದು ಅಂತಲ್ಲ. ನನ್ನ ತಾಯಿಯಿಂದ ನನಗೆ ಬಂದ ಪ್ರತಿ ನನ್ನ ಮಗಳಿಗೆ ಹೋಗುವಾಗ ಹಳೇ ಶಿಕ್ಕಾ ಅಳಿಸಿ, ಅಪ್ಪನ ಶಿಕ್ಕಾ ಹೊಡೆದುಕೊಂಡೇ ಹೋಗುತ್ತೆ. ಜೀನ್ ಅಜ್ಜಿಯದು, ಮುದ್ರೆ ನನ್ನದು.

1984ರಲ್ಲಿ ಇದು ಗಟ್ಟಿಯಾಗಿ ಗೊತ್ತಾಯ್ತು. ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ತಂಡ, ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಮೆಕ್‌ಗ್ರಾ ಮತ್ತು ಡೇವರ್ ಸೋಲ್ಟರ್, ಬೇರೆಬೇರೆಯಾಗಿ ಒಂದೇ ಪ್ರಯೋಗ ಮಾಡಿದರು. ಇಲಿಯ ಭ್ರೂಣಕ್ಕೆ ಎರಡೂ ಅಮ್ಮನ ಜೀನೋಮ್ (ಜೀನುಗಳ ಪೂರ್ತಿ ಗಂಟು) ಹಾಕಿದರು, ಇಲ್ಲಾ ಎರಡೂ ಅಪ್ಪನದು. ಲೆಕ್ಕಕ್ಕೆ ಜೀನುಗಳು ಪೂರ್ತಿ ಇದ್ದವು. ಮರಿ ಮಾತ್ರ ಒಂದೂ ಹುಟ್ಟಲಿಲ್ಲ. ಬರೀ ಅಮ್ಮನದಾದರೆ ಭ್ರೂಣ ಒಂದು ಮಟ್ಟಕ್ಕೆ ಬೆಳೀತು, ಮಾಸು ಬೆಳೆಯಲಿಲ್ಲ. ಬರೀ ಅಪ್ಪನದಾದರೆ ಉಲ್ಟಾ.

ನನಗೆ ಹುಚ್ಚು ಹಿಡಿಸಿದ್ದು ಮೆದುಳಿನ ಕಥೆ. ತೊಂಬತ್ತರ ದಶಕದಲ್ಲಿ ಎರಿಕ್ ಕೆವರ್ನ್, ಸುರಾನಿ ಮತ್ತು ಜೊತೆಯವರು ಸಾಮಾನ್ಯ ಇಲಿ ಭ್ರೂಣದೊಳಗೆ ಬರೀ-ಅಮ್ಮ ಕೋಶಗಳನ್ನು ಬೆರೆಸಿ ನೋಡಿದರು, ಬೇರೆ ಭ್ರೂಣದಲ್ಲಿ ಬರೀ-ಅಪ್ಪ ಕೋಶಗಳನ್ನು. ಮರಿ ಬೆಳೆದ ಮೇಲೆ ಆ ಕೋಶಗಳು ಎಲ್ಲಿ ಉಳಿದಿವೆ ಅಂತ ಹುಡುಕಿದರು. ಅಮ್ಮನವು ಮೆದುಳಿನ ಹೊರಪದರದಲ್ಲಿ ಕೂತಿದ್ದವು. ಅಪ್ಪನವು ಒಳಗೆ, ಹಸಿವು-ಬಾಯಾರಿಕೆ ನೋಡಿಕೊಳ್ಳುವ ಹೈಪೋಥಾಲಮಸ್ ಸುತ್ತ. ಆ ರಾತ್ರಿ ಇದನ್ನು ಓದಿ ಹೆಂಡತಿಗೆ ಹೇಳಿದೆ. "ಹಂಗಾದ್ರ ನಿಮ್ಮ ಹಸಿವು ನಿಮ್ಮಪ್ಪಂದು, ಅಡಿಗಿ ಮಾಡೋ ಬುದ್ಧಿ ಮಾತ್ರ ನಮ್ಮವ್ವಂದಾ?" ಅಂದಳು. ಅಷ್ಟು ಸರಳ ಅಲ್ಲ ಅಂತ ಹೇಳೋಕೆ ಹೋಗಿ ರೊಟ್ಟಿ ತಣ್ಣಗಾಯ್ತು.

ಕಣ್ಣಾರೆ ನೋಡಬೇಕು ಅನ್ನಿಸಿತು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಇರೋದು ಫಾರ್ಮಲಿನ್ ಬಾಟಲಿಯ ಹಾವು, ಹನ್ನೆರಡು ಮೈಕ್ರೋಸ್ಕೋಪು, ಅದರಲ್ಲಿ ಸರಿಯಾಗಿ ಫೋಕಸ್ ಆಗೋವು ಏಳು. ಇಲಿ ಸಾಕಿ, ಮೆದುಳು ತೆಗೆದು, ಆರ್‌ಎನ್‌ಎ (ಜೀನ್ ಮಾತಾಡಿದಾಗ ಹೊರಡುವ ನಕಲು) ಓದಿಸೋ ಮಾತೇ ಇಲ್ಲ. ಆದರೆ ಜಗತ್ತಿನ ದೊಡ್ಡ ಲ್ಯಾಬುಗಳು ಪೇಪರ್ ಪ್ರಕಟಿಸಿದ ಮೇಲೆ ತಮ್ಮ ಕಚ್ಚಾ ದತ್ತಾಂಶವನ್ನು ಸಾರ್ವಜನಿಕ ಭಂಡಾರದಲ್ಲಿ ಇಡಬೇಕು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಟ್ಟಿ. ಇದು ಎಷ್ಟೋ ಮೇಷ್ಟ್ರುಗಳಿಗೆ ಗೊತ್ತಿಲ್ಲ. ನನಗೂ ನಲವತ್ತರ ಹತ್ತಿರ ಗೊತ್ತಾಗಿದ್ದು. ಅನುಮತಿ ಕೇಳೋಕೆ ಹೋದಾಗ ಒಬ್ಬರು "ಇದ್ರಿಂದ ಪಾಯಿಂಟ್ಸ್ ಬರ್ತಾವೇನ್ರೀ?" ಅಂದರು. ಬರಲ್ಲ ಅಂದೆ. ಹಾಗಾಗಿ ಎಲ್ಲ ಮನೆಯಲ್ಲೇ, ರಾತ್ರಿ.

ಉಪಾಯ ಹೀಗಿದೆ. ಎರಡು ತಳಿಯ ಇಲಿ ತಗೋತಾರೆ. ಒಂದು ಎಲ್ಲ ಲ್ಯಾಬಿನ ಕಪ್ಪು ಇಲಿ, ಬಿ6. ಇನ್ನೊಂದು ಏಷ್ಯಾದ ಕಾಡು ಮೂಲದ ಕ್ಯಾಸ್ಟ್. ಇವೆರಡರ ಡಿಎನ್‌ಎ ನಡುವೆ ಒಂದೂವರೆ ಕೋಟಿಗೂ ಜಾಸ್ತಿ ಕಡೆ ಒಂದೊಂದು ಅಕ್ಷರ ಬೇರೆ ಇದೆ. ಅವಕ್ಕೆ ಸ್ನಿಪ್ ಅಂತಾರೆ. ಬಿ6 ತಾಯಿ, ಕ್ಯಾಸ್ಟ್ ತಂದೆ ಮಾಡಿ ಒಂದು ಮರಿ. ಕ್ಯಾಸ್ಟ್ ತಾಯಿ, ಬಿ6 ತಂದೆ ಮಾಡಿ ಇನ್ನೊಂದು ಮರಿ. ಎರಡರ ಮೆದುಳಿನ ಆರ್‌ಎನ್‌ಎ ತೆಗೆದು ಕೋಟಿಗಟ್ಟಲೆ ಚೂರುಗಳಾಗಿ ಓದಿಸುತ್ತಾರೆ. ಒಂದೊಂದು ಚೂರಿಗೆ ರೀಡ್ ಅಂತ ಹೆಸರು. ರೀಡಿನಲ್ಲಿ ಸ್ನಿಪ್ ಸಿಕ್ಕರೆ ಅದು ಯಾರ ಪ್ರತಿಯಿಂದ ಬಂತು ಅಂತ ಹೇಳಬಹುದು. ಎರಡೂ ಮರಿಗಳಲ್ಲಿ ಬಿ6 ಅಕ್ಷರವೇ ಜಾಸ್ತಿ ಇದ್ದರೆ ಅದು ತಳಿಯ ಗುಣ. ಎರಡೂ ಮರಿಗಳಲ್ಲಿ ಅಮ್ಮನ ಅಕ್ಷರವೇ ಜಾಸ್ತಿ, ತಳಿ ಯಾವುದಾದರೂ ಸರಿ, ಅಂದರೆ ಅದು ಮುದ್ರೆ. ಮೆಂಡೆಲ್‌ನ ಅದಲು-ಬದಲು ಕ್ರಾಸ್ ಇಲ್ಲಿ ಉಲ್ಟಾ ಕೆಲಸಕ್ಕೆ ಬಂತು ನೋಡಿ.

ಹೇಳೋಕೆ ಇಷ್ಟೇ.

ಮೊದಲ ಜಗಳ ಡೌನ್‌ಲೋಡ್ ಜೊತೆ. ಒಂದೊಂದು ಸ್ಯಾಂಪಲ್ ಹಲವು ಜಿಬಿ, ಬಿಚ್ಚಿದರೆ ಇನ್ನೂ ಊದುತ್ತೆ. ನಮ್ಮ ಬ್ರಹ್ಮಪುರದ ಮನೆಗೆ ಆಗ ಫೈಬರ್ ಬಂದಿರಲಿಲ್ಲ. ಮೂರು ಸಿಮ್ಮು, ದಿನಕ್ಕೆ ಒಂದೂವರೆ ಜಿಬಿ, ಮಗಳ ಫೋನಿನದೂ ಸೇರಿಸಿ. ರಾತ್ರಿ ಹನ್ನೆರಡಕ್ಕೆ ಡೇಟಾ ಹೊಸದಾಗುತ್ತೆ ಅಂತ ಅಲಾರಂ ಇಟ್ಕೊಂಡು ಏಳ್ತಿದ್ದೆ. ಒಂದು ಸ್ಯಾಂಪಲ್ ಮಾತ್ರ ಅರ್ಧಕ್ಕೆ ಕತ್ತರಿಸಿ ಇಳಿದಿತ್ತು, ನಾನು ಗಮನಿಸಲಿಲ್ಲ. ಪ್ರೋಗ್ರಾಂ ತಕರಾರು ಮಾಡದೆ ಅದನ್ನೂ ನುಂಗಿತು. ಆ ಇಲಿಯಲ್ಲಿ ಎಲ್ಲ ಜೀನೂ ಕಡಿಮೆ ಮಾತಾಡ್ತಿವೆ ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಈಗ ಏನು ಇಳಿಸಿದರೂ ಮೊದಲು ಚೆಕ್‌ಸಮ್, ಅಂದರೆ ಫೈಲ್ ಪೂರ್ತಿ ಇದೆಯಾ ಅಂತ ಹೇಳೋ ಸಂಖ್ಯೆ, ತಾಳೆ ನೋಡ್ತೀನಿ. ಸಂತೆಯಿಂದ ತೊಗರಿ ತಂದರೆ ತೂಕ ನೋಡಲ್ವಾ, ಹಾಗೆ.

ಎರಡನೇದು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ರೀಡುಗಳನ್ನು ಇಲಿಯ 270 ಕೋಟಿ ಅಕ್ಷರದ ಜೀನೋಮಿಗೆ ಹೊಂದಿಸೋ ಕೆಲಸ ಲ್ಯಾಪ್‌ಟಾಪ್ ಶುರು ಮಾಡಿದರೆ ಅಡಿಭಾಗ ಹಂಚಿನ ಥರ ಕಾಯ್ತಿತ್ತು, ಇಪ್ಪತ್ತು ನಿಮಿಷಕ್ಕೆ ತಾನೇ ಆಫ್. ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಬೋರಲು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಎದುರಿಗೆ ಕೂಲರ್ ನೀರಿಲ್ಲದೆ ಬರೀ ಫ್ಯಾನ್ ಮಾಡಿ ಓಡಿಸಿದೆ. ನೀರು ಹಾಕಿದರೆ ಗಾಳಿ ತಂಪು, ಆದರೆ ತೇವ ಒಳಗೆ ಹೋಗುತ್ತೆ, ಅದು ಒಳ್ಳೇದಲ್ಲ. ಕರೆಂಟ್ ಹೋದರೆ ಅಂತ ಕೆಲಸವನ್ನು ಚಿಕ್ಕ ತುಂಡು ಮಾಡಿ, ಒಂದೊಂದು ತುಂಡು ಮುಗಿದ ಕೂಡಲೇ ಡಿಸ್ಕಿಗೆ ಬರೆಯೋ ಹಾಗೆ ಸ್ಕ್ರಿಪ್ಟ್ ಬರೆದೆ. ಎಲ್ಲರೂ ಸ್ಟಾರ್ ಅನ್ನೋ ಪ್ರೋಗ್ರಾಂ ಬಳಸಿ ಅಂತಾರೆ. ಅದು ಇಲಿ ಜೀನೋಮಿಗೆ ಸುಮಾರು 30 ಜಿಬಿ ಮೆಮೊರಿ ಕೇಳುತ್ತೆ, ನನ್ನದು 16. ಅದೇ ಕೆಲಸ ಮಾಡೋ ಹೈಸ್ಯಾಟ್2 ಸಣ್ಣ ಹೊಟ್ಟೆಯದು, ನಮ್ಮಂಥವರಿಗೆ ಅದೇ ಸರಿ.

ಮೂರನೇ ತೊಡಕು ನನ್ನ ಕಣ್ಣಿಗೆ ಬಿದ್ದಿದ್ದು ಮೂರು ವಾರ ತಡವಾಗಿ. ಎಲ್ಲ ಜೀನಿನಲ್ಲೂ ಬಿ6 ಸ್ವಲ್ಪ ಜಾಸ್ತಿ ಬರ್ತಿತ್ತು, ಎರಡೂ ಕಡೆಯ ಮರಿಗಳಲ್ಲಿ. ಯಾಕಂದರೆ ನಾವು ಹೊಂದಿಸೋ ಜೀನೋಮ್ ಪುಸ್ತಕವೇ ಬಿ6 ಇಲಿಯದು. ಕ್ಯಾಸ್ಟ್ ರೀಡಿನಲ್ಲಿ ಒಂದೆರಡು ಅಕ್ಷರ ಬೇರೆ ಇದ್ದಾಗ ಪ್ರೋಗ್ರಾಂ "ಇದು ಇಲ್ಲಿಯದಲ್ಲ" ಅಂತ ಬಿಸಾಕುತ್ತೆ. ಬೆಂಗಳೂರು ಕನ್ನಡವನ್ನೇ ಅಳತೆಗೋಲು ಮಾಡಿ ನಮ್ಮ ಹುಡುಗರ ಕನ್ನಡಕ್ಕೆ ಮಾರ್ಕ್ಸ್ ಕಟ್ ಮಾಡಿದ ಹಾಗೆ. ಇದಕ್ಕೆ ಮದ್ದು, ಸ್ನಿಪ್ ಇರೋ ಜಾಗದಲ್ಲೆಲ್ಲ ಪುಸ್ತಕದ ಅಕ್ಷರ ಅಳಿಸಿ ಎನ್ (ಅಂದರೆ ಯಾವ ಅಕ್ಷರವೂ ಇರಬಹುದು) ಅಂತ ಬರೆಯೋದು. ಆಗ ಇಬ್ಬರಿಗೂ ಒಂದೇ ತಪ್ಪು, ಒಂದೇ ದಂಡ. ಎಸ್‌ಎನ್‌ಪಿಸ್ಪ್ಲಿಟ್ ಅನ್ನೋ ಪ್ರೋಗ್ರಾಂ ಇದನ್ನು ಮಾಡಿಕೊಡುತ್ತೆ, ಆಮೇಲೆ ರೀಡುಗಳನ್ನು ಎರಡು ಗುಂಪಿಗೆ ಹಂಚಿಯೂ ಕೊಡುತ್ತೆ. ಸ್ನಿಪ್ ಪಟ್ಟಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ಇಲಿ ಜೀನೋಮ್ ಯೋಜನೆಯದು.

ಇಷ್ಟೆಲ್ಲ ಆಗಿ ಮೊದಲ ಫಲಿತಾಂಶ ಬಂತು. ರಾತ್ರಿ ಎರಡು ಗಂಟೆ. ಪಟ್ಟಿ ತೆಗೆದು ಮೇಲಿನ ಹೆಸರು ನೋಡಿದೆ: ಪೆಗ್3, ಅಮ್ಮನ ಪ್ರತಿ ಮಾತ್ರ ಮಾತಾಡುತ್ತೆ.

ಹೊಸ ಶೋಧನೆ! ಐದು ನಿಮಿಷ ಕುಣಿದೆ. ಆಮೇಲೆ ನೆನಪಾಯ್ತು, ಪೆಗ್ ಅಂದರೇನೇ "ಅಪ್ಪನಿಂದ ಮಾತಾಡುವ ಜೀನ್" ಅನ್ನೋದರ ಸಂಕ್ಷೇಪ. ಹೆಸರಿನಲ್ಲೇ ಅಪ್ಪ ಇದ್ದಾನೆ. ಕೆಳಗೆ ಮೆಗ್3 ನೋಡಿದೆ, ಅದರ ಹೆಸರಿನಲ್ಲಿ ಅಮ್ಮ, ನನ್ನ ಪಟ್ಟಿಯಲ್ಲಿ ಅಪ್ಪ. ಅಂದರೆ ನಾನು ಅಪ್ಪ-ಅಮ್ಮನನ್ನೇ ಅದಲು-ಬದಲು ಮಾಡಿಬಿಟ್ಟಿದ್ದೆ. ಇಲಿ ಕ್ರಾಸ್ ಬರೆಯುವಾಗ ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ. ನನಗೆ ಅಭ್ಯಾಸ ಲಗ್ನಪತ್ರಿಕೆಯದು, ವರನ ಹೆಸರು ಮೊದಲು ಓದಿಕೊಂಡಿದ್ದೆ. ಒಂದು ಸಾಲು ತಿದ್ದಿದೆ, ಇಡೀ ಪಟ್ಟಿ ತಲೆಕೆಳಗಾಯ್ತು, ಸರಿಯೂ ಆಯ್ತು. ಇದನ್ನು ಮಾಡೋಕೆ ಹೊರಡುವವರಿಗೆ ನನ್ನ ಮೊದಲ ಮಾತು ಇದು: ಹೊಸ ಜೀನ್ ಹುಡುಕುವ ಮುಂಚೆ ಹಳೇ ಜೀನ್ ಕೇಳಿ. ಪೆಗ್3, ಮೆಗ್3, ಸ್ನರ್ಪ್‌ಎನ್, ಯಾರ ಪ್ರತಿ ಮಾತಾಡುತ್ತೆ ಅಂತ ಮೊದಲೇ ಗೊತ್ತಿರೋ ಇವು ಸರಿ ಹೇಳದಿದ್ದರೆ ಮುಂದಕ್ಕೆ ಹೋಗಬೇಡಿ.

ಪೆಗ್3 ಬಗ್ಗೆ ಒಂದು ಮಾತು ಹೇಳಲೇಬೇಕು. 1999ರಲ್ಲಿ ಒಂದು ತಂಡ ಪ್ರಕಟಿಸಿದ್ದು. ಈ ಜೀನ್ ಕೆಟ್ಟ ತಾಯಿ ಇಲಿ ತನ್ನ ಮರಿಗಳನ್ನು ಸರಿಯಾಗಿ ನೋಡಿಕೊಳ್ಳಲ್ಲ. ಗೂಡು ಕಟ್ಟೋಕೆ, ಚೆದುರಿದ ಮರಿ ಎತ್ತಿ ತರೋಕೆ ತಡ ಮಾಡುತ್ತೆ. ತಾಯ್ತನಕ್ಕೆ ಬೇಕಾದ ಜೀನ್, ಆದರೆ ಅವಳಲ್ಲಿ ಕೆಲಸ ಮಾಡೋದು ಅವಳಪ್ಪ ಕೊಟ್ಟ ಪ್ರತಿ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚು ಕೂಡ ಫೋನ್ ಕೆಳಗಿಟ್ಟಿತು.

ತಿದ್ದಿದ ಮೇಲೂ ಪಟ್ಟಿ ಉದ್ದ ಇತ್ತು. ನೂರಾರು ಜೀನು. ಅರ್ಧ ಮಂದಿ ಅಮ್ಮನ ಕಡೆ. ಯಾವ ಕ್ರೋಮೋಸೋಮು ಅಂತ ನೋಡಿದರೆ ಎಕ್ಸ್, ಎಕ್ಸ್, ಎಕ್ಸ್. ಗಂಡು ಮರಿಗೆ ಎಕ್ಸ್ ಬರೋದೇ ಅಮ್ಮನಿಂದ, ಅಪ್ಪನ ಎಕ್ಸ್ ಅದರಲ್ಲಿ ಇಲ್ಲವೇ ಇಲ್ಲ. ಮುದ್ರೆಯೂ ಇಲ್ಲ, ಮಣ್ಣೂ ಇಲ್ಲ. ಮೈಟೋಕಾಂಡ್ರಿಯಾದ ಜೀನುಗಳದ್ದೂ ಅದೇ ಕಥೆ, ಎಲ್ಲ ಅಮ್ಮನದು. ಹೆಣ್ಣು ಮರಿಯಲ್ಲಿ ಎರಡು ಎಕ್ಸ್ ಇದೆ, ಆದರೆ ಒಂದೊಂದು ಕೋಶ ಒಂದೊಂದನ್ನು ಮುಚ್ಚುತ್ತೆ, ಅದರಲ್ಲೂ ಕ್ಯಾಸ್ಟ್ ಎಕ್ಸ್ ತೆರೆದುಕೊಂಡಿರೋದು ಜಾಸ್ತಿ. ಹಾಗಾಗಿ ಎಕ್ಸ್ ಪೂರ್ತಿ ಪಕ್ಕಕ್ಕಿಟ್ಟೆ.

ಉಳಿದವು? ಇಲ್ಲಿ ನಾಣ್ಯದ ಕಥೆ ಹೇಳಬೇಕು.

ನನ್ನ ಪಟ್ಟಿಯಲ್ಲಿ ಬಹಳ ಜೀನುಗಳಿಗೆ ಹತ್ತೇ ರೀಡ್ ಸಿಕ್ಕಿದ್ದವು. ಎಂಟು ಅಪ್ಪನದು, ಎರಡು ಅಮ್ಮನದು. ಶೇಕಡಾ 80 ಅಂತ ಬರೆದುಕೊಂಡೆ, ದೊಡ್ಡದಾಗಿ ಕಾಣುತ್ತೆ ಅಲ್ವಾ. ಒಂದು ಸಂಶಯ ಬಂದು ಮರುದಿನ ಕ್ಲಾಸಿನಲ್ಲಿ 60 ಮಕ್ಕಳಿಗೂ ಒಂದೊಂದು ರೂಪಾಯಿ ನಾಣ್ಯ ತೆಗೆದು ಹತ್ತು ಸಲ ಚಿಮ್ಮಿ ಅಂದೆ. ಯಾವುದಾದರೂ ಒಂದೇ ಮುಖ ಎಂಟು ಅಥವಾ ಜಾಸ್ತಿ ಸಲ ಬಿದ್ದವರು ಕೈ ಎತ್ತಿ. ಲೆಕ್ಕದ ಪ್ರಕಾರ ನೂರಕ್ಕೆ ಹನ್ನೊಂದು, ಅಂದರೆ 60ಕ್ಕೆ ಆರೇಳು ಜನ. ಏಳು ಕೈ ಎದ್ದವು. ಪ್ರಾಮಾಣಿಕ ನಾಣ್ಯಗಳೇ, ಆದರೂ ಏಳು "ಮುದ್ರೆ ಬಿದ್ದ" ನಾಣ್ಯ! ಇಪ್ಪತ್ತು ಸಾವಿರ ಜೀನಿಗೆ ಈ ಲೆಕ್ಕ ಹಾಕಿದರೆ ಎಷ್ಟು ಸುಳ್ಳು ಜೀನು ಬರುತ್ತವೆ ಅಂತ ನೀವೇ ಗುಣಿಸಿ ನೋಡಿ.

ಆ ಏಳು ಜನ ಮತ್ತೆ ಚಿಮ್ಮಿದರು. ಒಬ್ಬಳು ಮಾತ್ರ ಉಳಿದಳು, ಮತ್ತೆ ಎಂಟು. ಕ್ಲಾಸ್ ಕೂಗಿತು. ನೋಡಿದರೆ ಮೊದಲ ಸಲ ಸಿಂಹದ ಮುಖ, ಈ ಸಲ ಅಂಕಿಯ ಮುಖ. ಹಾಗಾದರೆ ಅವಳೂ ಔಟ್. ಅದೇ ದಿಕ್ಕಿಗೆ ಮತ್ತೆ ವಾಲಬೇಕು, ಆಗ ಮಾತ್ರ ನಂಬೋದು.

ದೊಡ್ಡವರಿಗೂ ಈ ಪಾಠ ಸುಲಭವಾಗಿ ಸಿಕ್ಕಿಲ್ಲ. 2010ರಲ್ಲಿ ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್ ಲ್ಯಾಬಿನಿಂದ ಕ್ರಿಸ್ಟೋಫರ್ ಗ್ರೆಗ್ ಮತ್ತು ಜೊತೆಯವರು ಇಲಿ ಮೆದುಳಿನಲ್ಲಿ 1300ಕ್ಕೂ ಜಾಸ್ತಿ ಕಡೆ ಅಪ್ಪ-ಅಮ್ಮ ಪಕ್ಷಪಾತ ಇದೆ ಅಂತ ಹೇಳಿದರು. ಗೊತ್ತಿದ್ದದ್ದು ನೂರರ ಲೆಕ್ಕದಲ್ಲಿ, ಇವರು ಹೇಳಿದ್ದು ಸಾವಿರದ ಲೆಕ್ಕದಲ್ಲಿ. ದೊಡ್ಡ ಸುದ್ದಿ ಆಯ್ತು. 2012ರಲ್ಲಿ ಡಿವೀಲ್, ವಾನ್ ಡರ್ ಕೂಯ್, ಬಾಬಕ್ ಅನ್ನೋ ಮೂವರು ಆ ಲೆಕ್ಕವನ್ನು ಮತ್ತೆ ಹಾಕಿ, ಬಹುಪಾಲು ಸದ್ದು, ಸುದ್ದಿಯಲ್ಲ ಅಂತ ತೋರಿಸಿದರು. ಅವರ ಉಪಾಯ ಎಷ್ಟು ಸರಳ ಅಂದರೆ ನನಗೆ ಯಾಕೆ ಹೊಳೆಯಲಿಲ್ಲ ಅಂತ ಹೊಟ್ಟೆಕಿಚ್ಚು ಬಂತು. ಒಂದೇ ದಿಕ್ಕಿನ ಕ್ರಾಸಿನ ಎರಡು ಇಲಿ ತಗೋ. ಎರಡಕ್ಕೂ ತಾಯಿ ಬಿ6, ತಂದೆ ಕ್ಯಾಸ್ಟ್. ಒಂದಕ್ಕೆ ಸುಮ್ನೆ "ತಾಯಿ ಕ್ಯಾಸ್ಟ್" ಅಂತ ಸುಳ್ಳು ಚೀಟಿ ಅಂಟಿಸು. ಈಗ ಲೆಕ್ಕ ಹಾಕು. ನಿಜವಾದ ಮುದ್ರೆ ಇಲ್ಲಿ ತಳಿ ಗುಣದ ಥರ ಕಾಣುತ್ತೆ, ಪಟ್ಟಿಗೆ ಬರೋಕೆ ಸಾಧ್ಯವೇ ಇಲ್ಲ. ಆದರೂ ಪಟ್ಟಿಗೆ ಬಂದದ್ದೆಲ್ಲ ಸುಳ್ಳು. ಎಷ್ಟು ಸುಳ್ಳು ಬರುತ್ತೋ ನಿನ್ನ ನಿಜವಾದ ಪಟ್ಟಿಯಲ್ಲೂ ಹೆಚ್ಚುಕಡಿಮೆ ಅಷ್ಟು ಸುಳ್ಳಿದೆ.

ನಾನೂ ಸುಳ್ಳು ಚೀಟಿ ಅಂಟಿಸಿದೆ. ಸುಳ್ಳು ಪಟ್ಟಿ ನನ್ನ ನಿಜದ ಪಟ್ಟಿಯಷ್ಟೇ ಉದ್ದ ಬಂತು. ಆ ದಿನ ಲ್ಯಾಪ್‌ಟಾಪ್ ಮುಚ್ಚಿ ಅಪ್ಪಾ ಕೆರೆ ಸುತ್ತ ಎರಡು ರೌಂಡ್ ನಡೆದು, ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ ಮಿರ್ಚಿ ತಿಂದು ಬಂದೆ.

ಆಮೇಲೆ ಕಟ್ಟುನಿಟ್ಟು ಮಾಡಿದೆ. ಕಾಪಿಯಾದ ರೀಡ್, ಅಂದರೆ ಒಂದೇ ಚೂರು ಮತ್ತೆ ಮತ್ತೆ ಎಣಿಕೆಗೆ ಬಂದದ್ದು, ತೆಗೆದೆ. ಒಂದೇ ರೀಡಿನಲ್ಲಿ ಎರಡು ಸ್ನಿಪ್ ಇದ್ದರೆ ಎರಡು ಸಾಕ್ಷಿ ಅಂತ ಎಣಿಸ್ತಿದ್ದೆ, ಅದು ಒಬ್ಬನೇ ಸಾಕ್ಷಿ ಎರಡು ಸಲ ಸಹಿ ಮಾಡಿದ ಹಾಗೆ, ಅದನ್ನೂ ನಿಲ್ಲಿಸಿದೆ. ಒಂದು ಜೀನಿನಲ್ಲಿ ಬೇರೆಬೇರೆ ಸ್ನಿಪ್‌ಗಳು ಒಂದೇ ಮಾತು ಹೇಳಬೇಕು, ಪ್ರತಿ ಇಲಿಯಲ್ಲೂ ಅದೇ ದಿಕ್ಕು ಬರಬೇಕು. ಪಟ್ಟಿ ಕರಗುತ್ತಾ ಬಂತು. ಕೊನೆಗೆ ಉಳಿದದ್ದು ಹೆಚ್ಚಾಗಿ ಪುಸ್ತಕದಲ್ಲಿ ಇದ್ದವೇ. ಬೇಜಾರಾಗಲಿಲ್ಲ, ನಿಜ ಹೇಳ್ತೀನಿ. ಕ್ಯಾಲಿಫೋರ್ನಿಯಾದಲ್ಲೋ ಬೋಸ್ಟನ್ನಿನಲ್ಲೋ ಯಾರೋ ಕಂಡ ಪೆಗ್3 ನನ್ನ ಅಡುಗೆಮನೆ ಟೇಬಲ್ ಮೇಲೆ ನಾಲ್ಕು ಲೋಟದ ಮೇಲೆ ಕೂತ ಡಬ್ಬದಲ್ಲೂ ಹಾಗೇ ಕಂಡಿತು, ಅದೇನು ಕಡಿಮೆಯಾ?

ಅಂದ ಹಾಗೆ ಡುಲಾಕ್ ಲ್ಯಾಬಿನವರು ಬಿಟ್ಟು ಕೂಡಲಿಲ್ಲ. 2015ರಲ್ಲಿ ಕಿರುಮೆದುಳಿನ ಮೇಲೆ ಬಿಗಿಯಾದ ಲೆಕ್ಕದ ಜೊತೆ ಮತ್ತೆ ಬಂದರು. ಪೂರ್ತಿ ಮುಚ್ಚಿದ ಜೀನು ಮಾತ್ರವಲ್ಲ, ಸ್ವಲ್ಪ ವಾಲಿದ ಜೀನುಗಳೂ ಇವೆ ಅಂದರು. ಕೋಶ ಬದುಕಬೇಕೋ ಸಾಯಬೇಕೋ ಅಂತ ನೋಡಿಕೊಳ್ಳುವ ಬಿಸಿಎಲ್-ಎಕ್ಸ್ ಅಪ್ಪನ ಕಡೆ ವಾಲುತ್ತೆ. ಅಪ್ಪನ ಪ್ರತಿ ತೆಗೆದರೆ ಕೆಲವು ಬಗೆಯ ನರಕೋಶ ಕಡಿಮೆಯಾಗುತ್ತವೆ, ಅಮ್ಮನದು ತೆಗೆದರೆ ಆಗಲ್ಲ ಅಂತ ಇಲಿಯಲ್ಲೇ ತೋರಿಸಿದರು. ಇದಕ್ಕೆ ನಾನು ತಲೆಬಾಗ್ತೀನಿ. ಪಟ್ಟಿ ಕೊಟ್ಟು ಸುಮ್ಮನಾಗದೆ ಜೀನ್ ತೆಗೆದು ನೋಡಿದರಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದ ಜೀನ್, ಯುಬಿಇ3ಎ.

ಇದು ಮನುಷ್ಯರಲ್ಲಿ 15ನೇ ಕ್ರೋಮೋಸೋಮಿನಲ್ಲಿದೆ, ಇಲಿಯಲ್ಲಿ 7ನೇದರಲ್ಲಿ. ಮೈಯ ಬೇರೆ ಕಡೆ ಎರಡೂ ಪ್ರತಿ ಕೆಲಸ ಮಾಡುತ್ತವೆ. ನರಕೋಶದಲ್ಲಿ ಮಾತ್ರ ಅಮ್ಮನದೊಂದೇ. ಇದನ್ನೇ ನೋಡಬೇಕು ಅಂತ ಮೊದಲಿಂದ ಆಸೆ. ಮೆದುಳಿನ ಫೈಲ್ ತೆರೆದು ಆ ಜಾಗಕ್ಕೆ ಹೋದೆ. ತೆರೆಯ ಮೇಲೆ ರೀಡುಗಳು ಬೂದು ಪಟ್ಟಿಗಳ ಥರ, ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತವೆ, ಸ್ನಿಪ್ ಇರೋ ಕಡೆ ಬಣ್ಣದ ಗೆರೆ. ಜೀನಿನ ಆರಂಭದಿಂದ ನಡುವಿನ ತನಕ ಅಮ್ಮನ ಬಣ್ಣವೇ ಜಾಸ್ತಿ. ಚೆಂದ! ಬಾಲದ ಕಡೆ ಬಂದರೆ ಅಪ್ಪನ ಬಣ್ಣ ನುಗ್ಗಿದೆ. ಒಂದೇ ಜೀನ್, ತಲೆ ಅಮ್ಮನದು, ಬಾಲದಲ್ಲಿ ಇಬ್ಬರೂ. ಇದೇನು ಅಂತ ಒಂದು ವಾರ ಗೋಳಾಡಿದೆ.

ಉತ್ತರ ಜೀನಿನ ಹೊರಗಿತ್ತು. ಅಪ್ಪನ ಯುಬಿಇ3ಎ ಮೇಲೆ ನೇರವಾಗಿ ಶಿಕ್ಕಾ ಇಲ್ಲ. ಶಿಕ್ಕಾ ಇರೋದು ದೂರದಲ್ಲಿ, ಸ್ನರ್ಪ್‌ಎನ್ ಜೀನಿನ ಹತ್ತಿರ, ಅದೂ ಅಮ್ಮನ ಪ್ರತಿಯ ಮೇಲೆ. ಅಮ್ಮನ ಕಡೆ ಅಲ್ಲಿ ಬೀಗ ಬಿದ್ದಿದೆ. ಅಪ್ಪನ ಕಡೆ ಬಾಗಿಲು ತೆರೆದಿದೆ, ಅಲ್ಲಿಂದ ಒಂದು ಆರ್‌ಎನ್‌ಎ ಹೊರಡುತ್ತೆ. ಹೊರಟದ್ದು ನಿಲ್ಲಲ್ಲ, ಲಕ್ಷಾಂತರ ಅಕ್ಷರ ದಾಟಿ, ದಾರಿಯಲ್ಲಿ ಎಷ್ಟೋ ಪುಟ್ಟ ಆರ್‌ಎನ್‌ಎಗಳನ್ನು ಉದುರಿಸುತ್ತಾ, ಯುಬಿಇ3ಎ ಜೀನಿನೊಳಕ್ಕೆ ಎದುರು ದಿಕ್ಕಿನಿಂದ, ಬಾಲದ ಕಡೆಯಿಂದ ನುಗ್ಗುತ್ತೆ. ಒಂಟಿ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೆ ನಿಮ್ಮ ಬೈಕ್ ಏನು ಮಾಡುತ್ತೆ? ಅಪ್ಪನ ಯುಬಿಇ3ಎ ಹಾಗೆ ನಿಂತುಬಿಡುತ್ತೆ. ಬೇರೆ ಅಂಗಗಳಲ್ಲಿ ಈ ಲಾರಿ ಇಲ್ಲಿಯ ತನಕ ಬರೋದಿಲ್ಲ, ಹಾಗಾಗಿ ಅಲ್ಲಿ ಎರಡೂ ಪ್ರತಿ ಆರಾಮ.

ನಾನು ಬಾಲದಲ್ಲಿ ಕಂಡ ಅಪ್ಪನ ಬಣ್ಣ ಯುಬಿಇ3ಎಯದ್ದೇ ಅಲ್ಲ, ಲಾರಿಯದು! ನಾನು ಇಳಿಸಿದ ದತ್ತಾಂಶದಲ್ಲಿ ರೀಡ್ ಯಾವ ದಿಕ್ಕಿನದು ಅನ್ನೋ ಮಾಹಿತಿಯೇ ಇರಲಿಲ್ಲ, ಹಾಗಾಗಿ ಹೋಗೋದು ಬರೋದು ಎರಡೂ ಕಲಸಿ ಹೋಗಿತ್ತು. ಮತ್ತೆ ಸಿಮ್ಮು, ಮತ್ತೆ ಅಲಾರಂ, ದಿಕ್ಕು ಇಟ್ಟುಕೊಂಡ ಬೇರೆ ದತ್ತಾಂಶ ಇಳಿಸಿದೆ. ಎರಡು ದಿಕ್ಕು ಬೇರೆ ಮಾಡಿ ನೋಡಿದೆ. ನೇರ ದಿಕ್ಕಿನಲ್ಲಿ ಅಮ್ಮ. ಎದುರು ದಿಕ್ಕಿನಲ್ಲಿ ಅಪ್ಪ. ಗೆರೆ ಎಳೆದ ಹಾಗೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಬಣ್ಣ ಚಲೋ ಅದಾವ, ಮಲಗ್ರಿ" ಅಂದಳು.

ನೇರ ದಿಕ್ಕಿನಲ್ಲೂ ಸ್ವಲ್ಪ ಅಪ್ಪ ಉಳಿದಿದ್ದ. ಅದಕ್ಕೆ ಕಾರಣ, ಮೆದುಳು ಅಂದರೆ ಬರೀ ನರಕೋಶ ಅಲ್ಲ. ಅವುಗಳನ್ನು ನೋಡಿಕೊಳ್ಳುವ ಗ್ಲಿಯಾ ಕೋಶಗಳೂ ಇವೆ, ಅವುಗಳಲ್ಲಿ ಅಪ್ಪನ ಪ್ರತಿ ಕೆಲಸ ಮಾಡುತ್ತೆ. ಇಡೀ ಮೆದುಳನ್ನು ಮಿಕ್ಸಿಗೆ ಹಾಕಿದರೆ ಎಲ್ಲ ಬೆರೆತೇ ಬರುತ್ತೆ.

ಇದನ್ನೆಲ್ಲ ಸಹೋದ್ಯೋಗಿಗೆ ಹೇಳ್ತಿದ್ದಾಗ ಅವರು ಸುಮ್ಮನಾದರು. ಅವರ ಸಂಬಂಧಿಕರ ಮಗುವಿಗೆ ಏಂಜಲ್‌ಮನ್ ಸಿಂಡ್ರೋಮ್ ಅಂತ ಗೊತ್ತಾಗಿತ್ತಂತೆ. ಮಾತು ಬರಲ್ಲ, ಫಿಟ್ಸ್ ಬರುತ್ತೆ, ನಡಿಗೆ ತಡವರಿಕೆ, ಸದಾ ನಗುಮುಖ. 1965ರಲ್ಲಿ ಹ್ಯಾರಿ ಏಂಜಲ್‌ಮನ್ ಅನ್ನೋ ಇಂಗ್ಲೆಂಡಿನ ಮಕ್ಕಳ ಡಾಕ್ಟರು ಮೊದಲು ಬರೆದದ್ದು. ಅಮ್ಮನಿಂದ ಬಂದ ಯುಬಿಇ3ಎ ಇಲ್ಲದಾಗ ಅಥವಾ ಕೆಟ್ಟಾಗ ಹೀಗಾಗುತ್ತೆ. ಸುಮಾರು ಶೇಕಡಾ 70 ಮಕ್ಕಳಲ್ಲಿ 15ನೇ ಕ್ರೋಮೋಸೋಮಿನ ಆ ತುಂಡೇ ಬಿದ್ದುಹೋಗಿರುತ್ತೆ. ಅದೇ ತುಂಡು ಅಪ್ಪನ ಕಡೆ ಬಿದ್ದುಹೋದರೆ ಬೇರೆಯೇ ಕಾಯಿಲೆ, ಪ್ರಾಡರ್-ವಿಲ್ಲಿ. ಹುಟ್ಟಿದಾಗ ಹಾಲು ಕುಡಿಯೋಕೂ ಶಕ್ತಿ ಇಲ್ಲ, ಆಮೇಲೆ ತಣಿಯದ ಹಸಿವು.

ಆ ಮನೆಯಲ್ಲಿ ಎರಡು ಮಾತು ಓಡಾಡ್ತಿದ್ದವು. ಒಂದು, ಸೋದರಮಾವನ ಮಗಳನ್ನು ತಂದದ್ದಕ್ಕೆ ಹೀಗಾಯ್ತು. ಇನ್ನೊಂದು, ಡಾಕ್ಟರ್ "ತಾಯಿ ಕಡೆಯ ಜೀನ್" ಅಂದಿದ್ದರು, ಅತ್ತೆಗೆ ಅಷ್ಟು ಸಾಕಾಗಿತ್ತು. ನನ್ನನ್ನು ಕರೆದುಕೊಂಡು ಹೋದರು, ನಾನು ಡಾಕ್ಟರಲ್ಲ ಅಂತ ಮೂರು ಸಲ ಹೇಳಿಯೇ ಕೂತೆ. ತುಂಡು ಬೀಳೋದು ಸಾಮಾನ್ಯವಾಗಿ ಆ ಒಂದು ಅಂಡಾಣುವಿನಲ್ಲಿ ಹೊಸದಾಗಿ ಆಗೋದು, ತಾಯಿಯ ಮೈಯಲ್ಲಿ ಜೀನ್ ಸರಿಯೇ ಇರುತ್ತೆ ಅಂದೆ. ಸಂಬಂಧದಲ್ಲಿ ಮದುವೆಯಾದರೆ ಜಾಸ್ತಿಯಾಗೋ ಕಾಯಿಲೆಗಳು ಬೇರೆ, ಅಲ್ಲಿ ಅಪ್ಪ-ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು, ಇಲ್ಲಿ ಹಾಗಿಲ್ಲ. ಮುಂದಿನ ಮಗುವಿನ ಬಗ್ಗೆ ಮಾತ್ರ ಯಾವ ಬಗೆಯದು ಅಂತ ನೋಡಿಯೇ ಹೇಳಬೇಕು, ಅದಕ್ಕೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ ಅಂದೆ. ಆ ತಾಯಿ ಒಂದೇ ಕೇಳಿದಳು: "ಅಪ್ಪನ ಕಡೆದು ಅದ ಅಂತೀರಲ್ಲ, ಅದನ್ನ ಎಬ್ಬಿಸ್ಲಿಕ್ಕ ಆಗಲ್ಲೇನ್ರೀ?"

ಅದನ್ನೇ ಜಗತ್ತಿನ ಲ್ಯಾಬುಗಳೂ ಕೇಳ್ತಿವೆ. ಟೊಪೊಟೆಕಾನ್ ಅನ್ನೋ ಕ್ಯಾನ್ಸರ್ ಮದ್ದು ಇಲಿಯ ನರಕೋಶದಲ್ಲಿ ಅಪ್ಪನ ಪ್ರತಿ ಎಬ್ಬಿಸುತ್ತೆ ಅಂತ 2011ರ ಕೊನೆಗೆ ಪ್ರಕಟವಾಯ್ತು. ಅದು ಒರಟು ಮದ್ದು, ಮಕ್ಕಳಿಗೆ ಕೊಡೋ ಹಾಗಿಲ್ಲ. 2015ರಲ್ಲಿ ಆ ಎದುರು ಲಾರಿಯ ಆರ್‌ಎನ್‌ಎಗೇ ಅಂಟಿಕೊಂಡು ಅದನ್ನು ಕತ್ತರಿಸಿ ಹಾಕಿಸುವ ಪುಟ್ಟ ಡಿಎನ್‌ಎ ತುಂಡು ಇಲಿಗಳಲ್ಲಿ ಕೆಲಸ ಮಾಡಿತು. ಈಗ ಅಂಥ ಮದ್ದುಗಳ ಪ್ರಯೋಗ ಮನುಷ್ಯರಲ್ಲೂ ನಡೀತಿದೆ. ಇಷ್ಟು ಹೇಳಿದೆ. ಯಾವಾಗ ಸಿಗುತ್ತೆ ಅಂತ ಅವಳೂ ಕೇಳಲಿಲ್ಲ, ನಾನೂ ಮಾತು ಮುಂದುವರಿಸಲಿಲ್ಲ. ಚಹಾ ಕುಡಿದು ಚಿತ್ತಾಪುರದ ಕೊನೆ ಬಸ್ಸಿಗೆ ವಾಪಸ್ ಬಂದೆ.

ಜೇವರ್ಗಿ ಹುಡುಗಿ ಈಗ ಎಂಎಸ್ಸಿ ಓದ್ತಿದ್ದಾಳೆ. ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಹೇಸರಗತ್ತಿ ಮೆದುಳಿಂದು ಡೇಟಾ ಅದೇನ್ ಸರ್?" ಅಂದಳು. ಹುಡುಕ್ತಿದ್ದೀನಿ. ಕುದುರೆ ಮತ್ತು ಕತ್ತೆ ಎರಡರ ಜೀನೋಮ್ ಪುಸ್ತಕವೂ ಇದೆ, ಸ್ನಿಪ್ ಪಟ್ಟಿ ನಾವೇ ಮಾಡ್ಕೋಬೇಕು. ನನ್ನ ಇಲಿ ಪಟ್ಟಿಯಲ್ಲಿ ಎರಡು ಜೀನು ಬೇರೆ ಇನ್ನೂ ತಲೆ ತಿನ್ನುತ್ತಿವೆ, ಒಂದರಲ್ಲಿ ಒಂದೇ ಸ್ನಿಪ್ ಇದೆ, ನನಗೆ ಅದರ ಮೇಲೆ ನಂಬಿಕೆಯಿಲ್ಲ. ಮತ್ತೆ ಓಡಿಸಬೇಕು, ಆದರೆ ಈಗ ಏಪ್ರಿಲ್ ಮುಗೀತಾ ಬಂತು. ಲ್ಯಾಪ್‌ಟಾಪ್ ತಡೆಯಲ್ಲ. ಮೃಗಶಿರ ಮಳೆ ಬೀಳಲಿ.